ಕೇಬಲ್ ಕಳುವಾದ ಬೆಳಿಗ್ಗೆ: ಠಾಣೆ ಮೆಟ್ಟಿಲು ಹತ್ತುವ ಮೊದಲು ರೈತನಿಗೆ ಗೊತ್ತಿರಬೇಕಾದದ್ದು

ಟೊಮ್ಯಾಟೊ ಗಿಡ ಹೂವಿಗೆ ಬಂದಿತ್ತು. ಬೆಳಗಿನ ಜಾವ ನಾಲ್ಕಕ್ಕೆ ತ್ರೀ ಫೇಸ್ ಕರೆಂಟ್ ಬರುತ್ತೆ ಅಂತ ಪಕ್ಕದ ಊರಿನ ಹುಡುಗನೊಬ್ಬ ಟಾರ್ಚ್ ಹಿಡಿದು ತೋಟಕ್ಕೆ ಹೋದ. ಪಂಪ್ ಶೆಡ್ಡಿನ ಬೀಗ ಒಡೆದಿತ್ತು. ಸ್ಟಾರ್ಟರ್ ಡಬ್ಬಿ ಮಾಯ. ಶೆಡ್ಡಿನಿಂದ ಬೋರ್‌ವೆಲ್‌ವರೆಗೆ ಎಳೆದಿದ್ದ ಕೇಬಲ್ಲನ್ನು ಎರಡೂ ಕಡೆ ಕತ್ತರಿಸಿ ಸುತ್ತಿಕೊಂಡು ಹೋಗಿದ್ದರು. ತಾಮ್ರದ ಆಸೆಗೆ ಬಂದ ಕಳ್ಳರು. ಅವನಿಗೆ ಆದ ನಷ್ಟ ಸುಮಾರು 22 ಸಾವಿರ. ಅದಕ್ಕಿಂತ ದೊಡ್ಡ ಚಿಂತೆ, ಇನ್ನು ಮೂರು ದಿನ ನೀರು ಕೊಡದಿದ್ದರೆ ಹೂವು ಉದುರುತ್ತೆ ಅನ್ನೋದು.

ಸಾಲ ಮಾಡಿ ಹೊಸ ಕೇಬಲ್ ಹಾಕಿಸಿ, ಮಾರನೇ ದಿನ ಠಾಣೆಗೆ ಹೋದ. "ಬರೆದುಕೊಟ್ಟು ಹೋಗಪ್ಪ, ನೋಡೋಣ" ಅಂದರು. ಬರೆದುಕೊಟ್ಟ. ಅದರ ಪ್ರತಿ ಇಟ್ಟುಕೊಳ್ಳಲಿಲ್ಲ, ರಸೀದಿ ಕೇಳಲಿಲ್ಲ. ಇನ್ನೊಂದು ಸಲ ಹೋದಾಗ "ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದಾರೆ" ಅಂದರು. ಮೂರನೇ ಸಲ ಹೋದರೆ ಅರ್ಜಿಯೇ ಸಿಗಲಿಲ್ಲ. ಊರಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: "ಕೋರ್ಟು ಕಚೇರಿ ನಮ್ಮಂಥೋರಿಗಲ್ಲ, ಬಿಟ್ಟುಬಿಡು."

ಬಿಡುವ ಮುಂಚೆ ಈ ಲೇಖನ ಓದಿ. ಎಲೆಯ ಫೋಟೊ ತೆಗೆದು ರೋಗ ಯಾವುದು ಅಂತ ಗುರುತಿಸುವಷ್ಟು ಜಾಣರು ನೀವು. ಅದೇ ಫೋನು, ಅದೇ ಜಾಣತನ ಠಾಣೆಯಲ್ಲೂ ಕೆಲಸಕ್ಕೆ ಬರುತ್ತೆ. ಕಾನೂನಿನಲ್ಲಿ ನಿಮ್ಮ ಪರವಾಗಿ ಇರುವ ನಾಲ್ಕು ಸಾಲು ಗೊತ್ತಿರಬೇಕು, ಅಷ್ಟೇ.

ಮೊದಲು ಒಂದು ಬದಲಾವಣೆ ತಿಳಿದಿರಲಿ

2024ರ ಜುಲೈ 1ರಿಂದ ದೇಶದಲ್ಲಿ ಹೊಸ ಕ್ರಿಮಿನಲ್ ಕಾನೂನು ಜಾರಿಯಲ್ಲಿದೆ. ಹಳೆಯ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಬಂದಿದೆ. ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಬಂದಿದೆ. ಮೊದಲನೆಯದು ಯಾವುದು ಅಪರಾಧ, ಎಷ್ಟು ಶಿಕ್ಷೆ ಅಂತ ಹೇಳುತ್ತೆ. ಎರಡನೆಯದು ಪೊಲೀಸರು ಮತ್ತು ಕೋರ್ಟು ಹೇಗೆ ನಡೆದುಕೊಳ್ಳಬೇಕು ಅಂತ ಹೇಳುತ್ತೆ. ನಮಗೆ ಹೆಚ್ಚು ಬೇಕಾಗುವುದು ಈ ಎರಡನೆಯದೇ. ಹಾಗಾಗಿ ಹಳೆಯ ವಿಡಿಯೊ ನೋಡಿಕೊಂಡು "154ನೇ ಸೆಕ್ಷನ್ ಪ್ರಕಾರ" ಅಂತ ವಾದ ಮಾಡಬೇಡಿ. ಎಫ್‌ಐಆರ್ ವಿಚಾರ ಈಗ ಇರುವುದು ಬಿಎನ್‌ಎಸ್‌ಎಸ್ 173ನೇ ಸೆಕ್ಷನ್ನಿನಲ್ಲಿ.

ದೂರು ಬೇರೆ, ಎಫ್‌ಐಆರ್ ಬೇರೆ

ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ಬಂದರೆ ಅದು ಅರ್ಜಿ. ಠಾಣೆಯವರು ಅದನ್ನು ದಾಖಲು ಮಾಡಿಕೊಂಡು, ಅಪರಾಧ ಸಂಖ್ಯೆ ಹಾಕಿ, ಕೋರ್ಟಿಗೆ ಕಳಿಸಿದಾಗ ಮಾತ್ರ ಅದು ಎಫ್‌ಐಆರ್. ಸಂಖ್ಯೆ ಇಲ್ಲ ಅಂದರೆ ಕೇಸೂ ಇಲ್ಲ.

ಅಪರಾಧಗಳಲ್ಲಿ ಎರಡು ಬಗೆ. ಒಂದು ಕಾಗ್ನಿಜಬಲ್, ಅಂದರೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ತಾವೇ ತನಿಖೆ ಮಾಡಬಹುದಾದದ್ದು. ಇನ್ನೊಂದು ನಾನ್ ಕಾಗ್ನಿಜಬಲ್. ಇದರಲ್ಲಿ ತನಿಖೆ ಶುರು ಮಾಡಬೇಕಾದರೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು. ಠಾಣೆಯಲ್ಲಿ ಇದಕ್ಕೆ ಎನ್‌ಸಿಆರ್ ಅಂತಾರೆ.

ನೀವು ಕೊಟ್ಟ ಮಾಹಿತಿಯಲ್ಲೇ ಕಾಗ್ನಿಜಬಲ್ ಅಪರಾಧ ಕಾಣುತ್ತಿದ್ದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಾನೂನಿನಲ್ಲಿ ಒಂದು ರಿಯಾಯಿತಿ ಸೇರಿದೆ. ಮೂರು ವರ್ಷದಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಅಂದರೆ "ನೋಡೋಣ" ಅನ್ನೋ ಮಾತಿಗೂ ಈಗ 14 ದಿನದ ಗಡುವು ಇದೆ.

ರೈತರು ಗಮನಿಸಲೇಬೇಕಾದ ಇನ್ನೊಂದು ಅಂಶ. ಹೊಸ ಕಾನೂನಿನಲ್ಲಿ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇರುವ ಸಾಮಾನ್ಯ ಕಳವು ನಾನ್ ಕಾಗ್ನಿಜಬಲ್ ಪಟ್ಟಿಗೆ ಹೋಗಿದೆ. ಅದಕ್ಕೇ ದೂರಿನಲ್ಲಿ "ಕೇಬಲ್ ಕಳುವಾಗಿದೆ" ಅಂತಷ್ಟೇ ಬರೆದರೆ ಸಾಲದು. ಎಷ್ಟು ಮೀಟರ್, ಯಾವ ಕಂಪನಿ, ಯಾವಾಗ ಕೊಂಡಿದ್ದು, ಈಗಿನ ಬೆಲೆ ಎಷ್ಟು, ಎಲ್ಲಾ ಬರೆಯಿರಿ. ಬಿಲ್ ಇದ್ದರೆ ಜೆರಾಕ್ಸ್ ಲಗತ್ತಿಸಿ. ಬೀಗ ಒಡೆದಿದ್ದರೆ ಅದನ್ನು ತಪ್ಪದೆ ಬರೆಯಿರಿ. ಸಾಮಾನು ಇಡುವ ಶೆಡ್ಡಿಗೆ ನುಗ್ಗಿ ಕದಿಯುವುದು ಬಯಲಲ್ಲಿ ಬಿದ್ದದ್ದನ್ನು ಎತ್ತಿಕೊಂಡು ಹೋಗುವುದಕ್ಕಿಂತ ದೊಡ್ಡ ಅಪರಾಧ. ಹಾಗಂತ ಇಲ್ಲದ ಬೆಲೆ ಸೇರಿಸಬೇಡಿ. ಸುಳ್ಳು ದೂರು ಕೊಡುವುದೂ ಶಿಕ್ಷೆಗೆ ಒಳಗಾಗುವ ತಪ್ಪೇ.

ಹೊಲದಲ್ಲಿ ನಡೆಯುವ ಅಪರಾಧಗಳು

ಕಳವು ಒಂದೇ ಅಲ್ಲ. ರೈತರ ಬದುಕಿಗೆ ನೇರವಾಗಿ ತಟ್ಟುವ ಕೆಲವು ಕೃತ್ಯಗಳಿಗೆ ಕಾನೂನಿನಲ್ಲೇ ಬೇರೆ ಜಾಗ ಇದೆ.

• ವ್ಯವಸಾಯದ ನೀರಿಗೆ ಬೇಕಂತಲೇ ಅಡ್ಡಿ ಮಾಡುವುದು, ಕಾಲುವೆ ಒಡೆದು ನೀರು ಕಡಿಮೆಯಾಗುವಂತೆ ಮಾಡುವುದು: ಬಿಎನ್‌ಎಸ್ 326ನೇ ಸೆಕ್ಷನ್, ಐದು ವರ್ಷದವರೆಗೆ ಶಿಕ್ಷೆ.
• ಬೆಳೆಗೆ, ಬಣವೆಗೆ, ಕೃಷಿ ಉತ್ಪನ್ನಕ್ಕೆ ಬೆಂಕಿ ಇಡುವುದು: ಅದೇ 326, ಏಳು ವರ್ಷದವರೆಗೆ.
• ದನ, ಎಮ್ಮೆ, ಕುರಿ ಯಾವುದೇ ಪ್ರಾಣಿಗೆ ವಿಷ ಹಾಕುವುದು, ಕೊಲ್ಲುವುದು, ಊನ ಮಾಡುವುದು: 325, ಐದು ವರ್ಷದವರೆಗೆ.
• ಸರ್ಕಾರಿ ಅಧಿಕಾರಿ ನೆಟ್ಟ ಗಡಿ ಕಲ್ಲು ಕೀಳುವುದು: 326, ಒಂದು ವರ್ಷದವರೆಗೆ.

ಪರಿಶಿಷ್ಟ ಜಾತಿ, ಪಂಗಡದವರ ಜಮೀನನ್ನು ಆ ವರ್ಗಕ್ಕೆ ಸೇರದವರು ಅನ್ಯಾಯವಾಗಿ ಒತ್ತುವರಿ ಮಾಡಿದರೆ, ನೀರು ಬಳಸದಂತೆ ತಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತೆ. ಆ ಕಾಯ್ದೆಯಡಿ ಎಫ್‌ಐಆರ್ ಹಾಕುವ ಮೊದಲು ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲ ಅಂತ 2018ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ.

ಠಾಣೆಯಲ್ಲಿ ನೀವು ಕೇಳಬಹುದಾದದ್ದು

ಬರೆಯಲು ಬರದಿದ್ದರೆ ಬಾಯಲ್ಲಿ ಹೇಳಬಹುದು. ಠಾಣೆಯವರೇ ಬರೆದುಕೊಂಡು, ನಿಮಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳಬೇಕು. ಓದಿ ಹೇಳದೆ ಸಹಿ ಕೇಳಿದರೆ "ಒಂದ್ಸಲ ಓದಿ ಹೇಳಿ ಸಾರ್" ಅನ್ನಿ. ಅದು ನಿಮ್ಮ ಹಕ್ಕು, ಉಪಕಾರವಲ್ಲ.

"ಇದು ನಮ್ಮ ಸರಹದ್ದು ಅಲ್ಲ, ಆ ಠಾಣೆಗೆ ಹೋಗಿ" ಅಂತ ವಾಪಸ್ ಕಳಿಸುವಂತಿಲ್ಲ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಅಂತ 173ನೇ ಸೆಕ್ಷನ್ನೇ ಹೇಳುತ್ತೆ. ಇದಕ್ಕೆ ಝೀರೊ ಎಫ್‌ಐಆರ್ ಅಂತಾರೆ. ಮಂಡಿಗೆ ಹೋಗುವ ದಾರಿಯಲ್ಲಿ ಬೇರೆ ಜಿಲ್ಲೆಯಲ್ಲಿ ಗಾಡಿ ಅಡ್ಡಗಟ್ಟಿ ದುಡ್ಡು ಕಿತ್ತರೆ, ಹತ್ತಿರದ ಠಾಣೆಯಲ್ಲೇ ದೂರು ಕೊಡಿ. ಸರಿಯಾದ ಠಾಣೆಗೆ ಅವರೇ ಕಳಿಸುತ್ತಾರೆ.

ಮಾಹಿತಿಯನ್ನು ಆನ್‌ಲೈನ್ ಮೂಲಕವೂ ಕೊಡಬಹುದು. ಆದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಕಳಿಸಿಬಿಟ್ಟು ಮರೆತರೆ ಪ್ರಯೋಜನವಿಲ್ಲ.

ಎಫ್‌ಐಆರ್ ಪ್ರತಿ ಉಚಿತ. ಪೇಪರ್ ಖರ್ಚು, ಜೆರಾಕ್ಸ್ ಖರ್ಚು ಯಾವುದೂ ಇಲ್ಲ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ, ನೆಟ್‌ವರ್ಕ್ ತೊಂದರೆ ಇರುವ ಕಡೆ ಹೆಚ್ಚೆಂದರೆ 72 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ.

ತನಿಖೆ ಎಲ್ಲಿಗೆ ಬಂತು ಅನ್ನೋದನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ಇದು 193ನೇ ಸೆಕ್ಷನ್ನಿನಲ್ಲಿರುವ ಹೊಸ ಹಕ್ಕು. ಮೆಸೇಜ್ ಮೂಲಕವೂ ತಿಳಿಸಬಹುದು. ಆದ್ದರಿಂದ ದೂರಿನಲ್ಲಿ ನಿಮ್ಮ ಸರಿಯಾದ ಮೊಬೈಲ್ ನಂಬರ್ ಇರಲಿ. ಸಿಮ್ ಬದಲಾಯಿಸಿದರೆ ಠಾಣೆಗೆ ಹೇಳಿ.

ಎಫ್‌ಐಆರ್ ಹಾಕಲ್ಲ ಅಂದರೆ?

ಜಗಳ ಬೇಡ, ಮೆಟ್ಟಿಲು ಹತ್ತಿ. ಮೂರು ಮೆಟ್ಟಿಲು ಇವೆ.

ಮೊದಲನೆಯದು: ಅರ್ಜಿ ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಮೊಹರು, ದಿನಾಂಕ ಹಾಕಿಸಿಕೊಳ್ಳಿ. "ಸ್ವೀಕೃತಿ ಕೊಡಿ ಸಾರ್" ಅಂದರೆ ಸಾಕು. ಕೇಸ್ ಹಾಕಲು ಬರುವುದಿಲ್ಲ ಅಂದರೆ "ಹಾಗಂತ ಹಿಂಬರಹ ಕೊಡಿ" ಅನ್ನಿ. ಬಾಯಿಮಾತಿನ "ಆಗಲ್ಲ"ಕ್ಕೆ ಬೆಲೆ ಇಲ್ಲ. ಬರಹದ "ಆಗಲ್ಲ"ವನ್ನು ಮೇಲೆ ಪ್ರಶ್ನೆ ಮಾಡಬಹುದು.

ಎರಡನೆಯದು: ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ (ಎಸ್‌ಪಿ) ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ಡ್ ಅಥವಾ ಸ್ಪೀಡ್ ಪೋಸ್ಟ್ ಆಗಿರಲಿ. ರಸೀದಿಯ ಫೋಟೊ ತೆಗೆದಿಡಿ. ಪೋಸ್ಟ್ ತಲುಪಿದ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. 173(4)ರ ಪ್ರಕಾರ ಎಸ್‌ಪಿ ತಾವೇ ತನಿಖೆ ಮಾಡಬಹುದು ಇಲ್ಲವೇ ಕೈಕೆಳಗಿನವರಿಗೆ ಆದೇಶಿಸಬಹುದು.

ಮೂರನೆಯದು: ಅಲ್ಲೂ ಕೆಲಸ ಆಗದಿದ್ದರೆ ತಾಲೂಕಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ 175(3)ರ ಅಡಿ ಅರ್ಜಿ. ಜೊತೆಗೆ ಪ್ರಮಾಣಪತ್ರ ಕೊಡಬೇಕು, ಎಸ್‌ಪಿಗೆ ಬರೆದ ದಾಖಲೆ ತೋರಿಸಬೇಕು. ಎರಡನೇ ಮೆಟ್ಟಿಲು ಬಿಟ್ಟು ಮೂರನೆಯದಕ್ಕೆ ಹಾರಲು ಆಗುವುದಿಲ್ಲ. ಆ ಅಂಚೆ ರಸೀದಿ ಅದಕ್ಕೇ ಅಷ್ಟು ಮುಖ್ಯ.

ನಮ್ಮ ಟೊಮ್ಯಾಟೊ ಹುಡುಗ ಎರಡನೇ ಮೆಟ್ಟಿಲಲ್ಲೇ ನಿಂತ. ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್ ಹೋಗಿ ವಾರ ಕಳೆಯುವಷ್ಟರಲ್ಲಿ ಠಾಣೆಯಿಂದಲೇ ಫೋನ್ ಬಂತು. ಎಫ್‌ಐಆರ್ ಆಯಿತು, ಪ್ರತಿಯೂ ಕೈಗೆ ಬಂತು.

ಗಡಿ ಜಗಳ, ಬಾಕಿ ಹಣ: ಠಾಣೆಗೆ ಹೋಗುವ ಮೊದಲು ಯೋಚಿಸಿ

ಎಲ್ಲಾ ಅನ್ಯಾಯವೂ ಪೊಲೀಸ್ ಕೇಸ್ ಅಲ್ಲ. ಬದು ಒತ್ತಿದ್ದಾರೆ, ದಾರಿ ಬಿಡುತ್ತಿಲ್ಲ, ಅಣ್ಣತಮ್ಮಂದಿರ ಪಾಲು ಸರಿಯಾಗಿಲ್ಲ ಅನ್ನೋದು ಸಿವಿಲ್ ವ್ಯಾಜ್ಯ. ಜಮೀನು ಯಾರದು ಅಂತ ತೀರ್ಮಾನ ಮಾಡುವ ಅಧಿಕಾರ ಪೊಲೀಸರಿಗಿಲ್ಲ. ಅಳತೆಗೆ ಹದ್ದುಬಸ್ತು ಅರ್ಜಿ ಹಾಕಿ ಸರ್ವೆ ಮಾಡಿಸಬೇಕು, ಹಕ್ಕಿನ ಪ್ರಶ್ನೆ ಬಂದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಹೊಡೆದಾಟ, ಬೆದರಿಕೆ, ಬೆಳೆ ನಾಶ ಆದರೆ ಮಾತ್ರ ಅದು ಠಾಣೆಯ ವಿಷಯ.

ಇದು ಎರಡೂ ಕಡೆಗೆ ಅನ್ವಯಿಸುತ್ತೆ. ಎದುರು ಪಾರ್ಟಿ ಠಾಣೆಗೆ ಹೋಗಿ, ನಿಮ್ಮನ್ನು ಕರೆಸಿ, "ಅವರಿಗೆ ಎರಡು ಗುಂಟೆ ಬಿಟ್ಟುಕೊಡ್ತೀನಿ ಅಂತ ಬರೆದುಕೊಡು" ಅಂದರೆ ನೀವು ಒಪ್ಪಬೇಕಾಗಿಲ್ಲ. "ಸಾರ್, ಶಾಂತಿ ಕಾಪಾಡ್ತೀನಿ ಅಂತ ಬರೆದುಕೊಡ್ತೀನಿ. ಜಮೀನಿನ ವಿಚಾರ ಕೋರ್ಟಲ್ಲಿ ನೋಡ್ಕೋತೀನಿ" ಅಂತ ಸಮಾಧಾನವಾಗಿ ಹೇಳಿ. ಖಾಲಿ ಹಾಳೆಗೆ ಮಾತ್ರ ಯಾವತ್ತೂ ಸಹಿ ಹಾಕಬೇಡಿ.

ಮಾಲು ಕೊಂಡ ವ್ಯಾಪಾರಿ ಕೊಟ್ಟ ಚೆಕ್ ಬೌನ್ಸ್ ಆದರೂ ಹಾಗೇ. ಬಹಳ ಜನ ಠಾಣೆ ಸುತ್ತುತ್ತಾ ಕಾಲ ಕಳೆಯುತ್ತಾರೆ. ಇದು ನೇರವಾಗಿ ಕೋರ್ಟಿಗೆ ಹಾಕುವ ಕೇಸು, ಮತ್ತು ಇದರಲ್ಲಿ ದಿನಗಳ ಲೆಕ್ಕ ಕಟ್ಟುನಿಟ್ಟು. ಚೆಕ್ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಚೆಕ್ ವಾಪಸ್ ಬಂದಿದೆ ಅಂತ ಬ್ಯಾಂಕ್ ತಿಳಿಸಿದ ಮೇಲೆ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ಹಣ ಬರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ದೂರು ದಾಖಲಿಸಬೇಕು. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡು ಪಟ್ಟು ದಂಡ, ಇಲ್ಲವೇ ಎರಡೂ ಆಗಬಹುದು. "ಮುಂದಿನ ವಾರ ಕೊಡ್ತೀನಿ ಬಾ" ಅನ್ನೋ ಮಾತು ನಂಬಿ ಆ 30 ದಿನ ಕಳೆದುಕೊಳ್ಳಬೇಡಿ.

ನಿಮ್ಮನ್ನೇ ಕರೆಸಿದರೆ

ಫೋನ್ ಬರುತ್ತೆ: "ಸ್ಟೇಷನ್‌ಗೆ ಬಾ." ಎದೆ ಧಸಕ್ ಅನ್ನುತ್ತೆ. ಗಾಬರಿ ಬೇಡ. ಮೊದಲು ಕೇಳಿ: ಯಾವ ಠಾಣೆ, ಯಾವ ಕೇಸ್, ಸಾಕ್ಷಿಯಾಗಿಯೋ ಆರೋಪಿಯಾಗಿಯೋ?

ಸಾಕ್ಷಿಯಾಗಿ ಕರೆಸುವುದಾದರೆ 179ನೇ ಸೆಕ್ಷನ್ ಪ್ರಕಾರ ಲಿಖಿತ ಆದೇಶ ಇರಬೇಕು. ಹೆಂಗಸರು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರನ್ನು ಠಾಣೆಗೆ ಬರುವಂತೆ ಬಲವಂತ ಮಾಡುವಂತಿಲ್ಲ. ಅವರ ಹೇಳಿಕೆ ಬೇಕಿದ್ದರೆ ಪೊಲೀಸರೇ ಮನೆಗೆ ಬರಬೇಕು. ನಿಮ್ಮ ಅವ್ವನನ್ನೋ ಅಜ್ಜನನ್ನೋ ಠಾಣೆ ಬಾಗಿಲಲ್ಲಿ ಕೂರಿಸುವ ಮಾತು ಬಂದರೆ ಇದನ್ನು ನೆನಪಿಸಿ. ಇನ್ನೊಂದು ವಿಷಯ: ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಸಾಕ್ಷಿ ಹೇಳಿಕೆಗೆ ಸಹಿ ಹಾಕಿಸಿಕೊಳ್ಳಬಾರದು ಅಂತ 181ನೇ ಸೆಕ್ಷನ್ ಹೇಳುತ್ತೆ. ದೂರಿಗೆ ಸಹಿ ಬೇಕು, ಮಹಜರಿಗೆ ಪಂಚರ ಸಹಿ ಬೇಕು, ಸಾಕ್ಷಿ ಹೇಳಿಕೆಗೆ ಬೇಡ.

ಆರೋಪಿಯಾಗಿ ಕರೆಸುವುದಾದರೆ, ಬಂಧನದ ಅಗತ್ಯ ಇಲ್ಲದ ಪ್ರಕರಣದಲ್ಲಿ 35(3)ರ ನೋಟಿಸ್ ಕೊಡಬೇಕು. ಅದನ್ನು ಪಡೆದು ಹೇಳಿದ ದಿನ ಹಾಜರಾಗುತ್ತಾ ಹೋದರೆ, ವಿಶೇಷ ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಏಳು ವರ್ಷದವರೆಗೆ ಶಿಕ್ಷೆ ಇರುವ ಪ್ರಕರಣಗಳಲ್ಲಿ ಕೇಸ್ ಆದ ತಕ್ಷಣ ಬಂಧಿಸುವ ರೂಢಿ ಬೇಡ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನು, ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ಅನುಮತಿ ಬೇಕು. ಇನ್ನೊಂದು ಮಾತು: ನೋಟಿಸ್ ಬಂದ ಮೇಲೆ ಹೋಗದೆ ತಪ್ಪಿಸಿಕೊಂಡರೆ ಈ ರಕ್ಷಣೆ ಹೋಗುತ್ತೆ. ಹೆದರಿ ಊರು ಬಿಡುವುದು ಅತಿ ದೊಡ್ಡ ತಪ್ಪು.

ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ವಿಡಿಯೊ ಕಾಲ್‌ನಲ್ಲಿ ಯೂನಿಫಾರಂ ಹಾಕಿಕೊಂಡು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೀವಿ, ದುಡ್ಡು ಹಾಕಿ" ಅಂದರೆ ನೂರಕ್ಕೆ ನೂರು ಅದು ಮೋಸ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ಒಂದು ನಿಮಿಷವೂ ತಡ ಮಾಡದೆ 1930ಕ್ಕೆ ಕರೆ ಮಾಡಿ. ಪಿಎಂ ಕಿಸಾನ್ ಹೆಸರಲ್ಲಿ ಬರುವ ನಕಲಿ ಆ್ಯಪ್ ಒತ್ತಿ ಖಾತೆ ಖಾಲಿಯಾದರೂ ಇದೇ ನಂಬರ್. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮುಂಚೆ ತಡೆಯುವ ಅವಕಾಶ ಹೆಚ್ಚು.

ಬಂಧನವಾದರೆ ಮನೆಯವರು ನೆನಪಿಡಬೇಕಾದದ್ದು

• ಬಂಧನಕ್ಕೆ ಕಾರಣ ಏನು ಅಂತ ತಿಳಿಸಲೇಬೇಕು. ಇದು ಸಂವಿಧಾನದ 22ನೇ ವಿಧಿ ಕೊಟ್ಟ ಹಕ್ಕು.
• ಬಂಧಿಸುವ ಪೊಲೀಸರು ತಮ್ಮ ಹೆಸರು ಕಾಣುವಂತೆ ಧರಿಸಿರಬೇಕು. ಬಂಧನದ ಮೆಮೊ ಬರೆದು, ಮನೆಯವರೋ ಊರಿನ ಗೌರವಸ್ಥರೋ ಒಬ್ಬರ ಸಾಕ್ಷಿ ಸಹಿ ಪಡೆಯಬೇಕು. ಇದಕ್ಕೆ ಬುನಾದಿ ಹಾಕಿದ್ದು 1996ರ ಡಿ.ಕೆ. ಬಸು ತೀರ್ಪು.
• ಮನೆಯವರಿಗೋ ಸ್ನೇಹಿತರಿಗೋ ವಿಷಯ ಮುಟ್ಟಿಸಬೇಕು. ಯಾವ ಠಾಣೆಯಲ್ಲಿ ಇಟ್ಟಿದ್ದಾರೆ ಅನ್ನೋದನ್ನೂ ಹೇಳಬೇಕು.
• ವಿಚಾರಣೆ ವೇಳೆ ವಕೀಲರನ್ನು ಭೇಟಿ ಮಾಡುವ ಹಕ್ಕಿದೆ. ಇಡೀ ವಿಚಾರಣೆಯಲ್ಲಿ ವಕೀಲರು ಪಕ್ಕದಲ್ಲೇ ಕೂರಲು ಆಗದಿದ್ದರೂ, ಭೇಟಿ ತಡೆಯುವಂತಿಲ್ಲ.
• ವೈದ್ಯಕೀಯ ಪರೀಕ್ಷೆ ಆಗಬೇಕು. ಮೈಮೇಲೆ ಪೆಟ್ಟಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ.
• ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಅಲ್ಲಿ "ಏನಾದರೂ ಹೇಳೋದಿದೆಯಾ" ಅಂತ ಕೇಳಿದಾಗ ಸುಮ್ಮನೆ ನಿಲ್ಲಬೇಡಿ.
• ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭ ಇದ್ದರೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು, ಮಹಿಳಾ ಅಧಿಕಾರಿಯೇ ಇರಬೇಕು.
• ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ. ಇದು ಸಂವಿಧಾನದ 20(3)ನೇ ವಿಧಿ.
• ಜಾಮೀನು ಸಿಗುವ ಅಪರಾಧವಾಗಿದ್ದರೆ ಜಾಮೀನು ನಿಮ್ಮ ಹಕ್ಕು. ಠಾಣೆಯಲ್ಲೇ ಕೊಡಬಹುದು.

ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು ಜೋಪಾನ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಠಾಣೆಯಲ್ಲಿ ಏನಾದರೂ ಅನ್ಯಾಯವಾದರೆ ದಿನಾಂಕ, ಸಮಯ ಬರೆದಿಟ್ಟುಕೊಳ್ಳಿ. ಆ ದೃಶ್ಯ ಕೇಳುವಾಗ ಅದೇ ಆಧಾರ. ಪೊಲೀಸರ ಮೇಲಿನ ದೂರಿಗೆ ನಮ್ಮ ರಾಜ್ಯದಲ್ಲಿ ಪೊಲೀಸ್ ದೂರು ಪ್ರಾಧಿಕಾರ, ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ. ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರಿಗೆ ಹೇಳಬಹುದು. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ವರದಿ ಮಾಡಿ, ಆಗ ಕೊಟ್ಟವರಿಗೆ ಕಾನೂನಿನ ರಕ್ಷಣೆ ಇದೆ.

ಟ್ರ್ಯಾಕ್ಟರ್ ಠಾಣೆ ಮುಂದೆ ನಿಂತಿದ್ದರೆ

ಉಳುಮೆ ಹದ ಯಾರಿಗೂ ಕಾಯುವುದಿಲ್ಲ. ಅಪಘಾತವೋ ಇನ್ಯಾವುದೋ ಕೇಸಿನಲ್ಲಿ ಟ್ರ್ಯಾಕ್ಟರ್ ಜಪ್ತಿಯಾಗಿ ಠಾಣೆ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತರೆ, ಕೇಸ್ ಮುಗಿಯುವವರೆಗೆ ಕಾಯಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ನಿಲ್ಲಿಸಿ ಪ್ರಯೋಜನವಿಲ್ಲ. ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಬಿಡಬೇಕು ಅಂತ 2002ರಲ್ಲಿ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈಗ ಬಿಎನ್‌ಎಸ್‌ಎಸ್ 497 ಮತ್ತು 503ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಬೇಕು. ಆರ್‌ಸಿ, ವಿಮೆ, ಆಧಾರ್ ಪ್ರತಿ ಬೇಕು. ಮರಳು, ಕಲ್ಲು ಸಾಗಣೆಯಂಥ ಕೇಸಿಗೆ ಗಣಿ ಕಾನೂನಿನ ಬೇರೆ ನಿಯಮಗಳು ಸೇರಿಕೊಳ್ಳುತ್ತವೆ, ಅಲ್ಲಿ ವಕೀಲರನ್ನು ಮೊದಲೇ ಕೇಳಿ.

ಮನೆ, ತೋಟ ಶೋಧಿಸಿ ಏನನ್ನಾದರೂ ವಶಪಡಿಸಿಕೊಂಡರೆ ಆ ಪ್ರಕ್ರಿಯೆಯನ್ನು ವಿಡಿಯೊ ಮಾಡಬೇಕು ಅಂತ 105ನೇ ಸೆಕ್ಷನ್ ಹೇಳುತ್ತೆ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಕೇಳಿ ಪಡೆಯಿರಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ

ದುಡ್ಡಿಲ್ಲದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಅಂತ ಸಂವಿಧಾನದ 39ಎ ವಿಧಿ ಹೇಳುತ್ತೆ. ಅದಕ್ಕಾಗಿಯೇ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯ ಮಿತಿ ಇದೆ. ರೈತರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಏನಂದರೆ, ಬರ ಮತ್ತು ನೆರೆಯ ಸಂತ್ರಸ್ತರನ್ನೂ ಈ ಕಾಯ್ದೆಯ 12ನೇ ಸೆಕ್ಷನ್ ಹೆಸರಿಸಿಯೇ ಸೇರಿಸಿದೆ.

ತಾಲೂಕು ಕೋರ್ಟ್ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇರುತ್ತೆ, ಜಿಲ್ಲೆಯಲ್ಲಿ ಪ್ರಾಧಿಕಾರ ಇರುತ್ತೆ. ಮನೆಯಿಂದಲೇ ಕೇಳಬೇಕಾದರೆ 15100ಕ್ಕೆ ಕರೆ ಮಾಡಿ. ಸಣ್ಣ ವ್ಯಾಜ್ಯ, ಚೆಕ್ ಕೇಸು, ಪಾಲಿನ ಜಗಳಕ್ಕೆ ಲೋಕ ಅದಾಲತ್ ಒಳ್ಳೆಯ ದಾರಿ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತೆ. ಆದರೆ ಆ ರಾಜಿಯ ಮೇಲೆ ಅಪೀಲು ಇಲ್ಲ. ಆದ್ದರಿಂದ ಮನಸ್ಸಿಗೆ ಒಪ್ಪಿಗೆಯಾದರೆ ಮಾತ್ರ ಒಪ್ಪಿ. ಒಪ್ಪದಿದ್ದರೆ ಕೇಸು ಮತ್ತೆ ಕೋರ್ಟಿಗೇ ಬರುತ್ತೆ, ಏನೂ ಕಳೆದುಕೊಳ್ಳುವುದಿಲ್ಲ.

ಕೇಸ್ ಕೋರ್ಟಿಗೆ ಹೋದ ಮೇಲೆ ವಾಯಿದೆ ಯಾವತ್ತು ಅಂತ ಕೇಳಲು ಬಸ್ ಹತ್ತಬೇಕಾಗಿಲ್ಲ. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿಕೊಂಡು 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಕೊಟ್ಟರೆ ಮುಂದಿನ ದಿನಾಂಕ, ಹಿಂದಿನ ಆದೇಶ ಎಲ್ಲಾ ಕಾಣುತ್ತೆ. ವಕೀಲರ ಬಳಿ ಮೊದಲ ದಿನವೇ ಆ ನಂಬರ್ ಕೇಳಿ ಇಟ್ಟುಕೊಳ್ಳಿ.

ಇವತ್ತೇ ಮಾಡಬಹುದಾದ ಐದು ಕೆಲಸ

1. ಮೋಟಾರ್, ಸ್ಟಾರ್ಟರ್, ಸ್ಪ್ರೇಯರ್, ಟಿಲ್ಲರ್ ಎಲ್ಲದರ ನಂಬರ್ ಪ್ಲೇಟ್ ಫೋಟೊ ತೆಗೆಯಿರಿ.
2. ಬಿಲ್‌ಗಳ ಫೋಟೊ ತೆಗೆದು ಒಂದೇ ಫೋಲ್ಡರ್‌ನಲ್ಲಿ ಇಡಿ. ಥರ್ಮಲ್ ಪೇಪರ್ ಬಿಲ್ ಆರು ತಿಂಗಳಲ್ಲೇ ಮಾಸಿಹೋಗಬಹುದು.
3. ಕೇಬಲ್ ಮೇಲೆ, ಸ್ಟಾರ್ಟರ್ ಡಬ್ಬಿ ಒಳಗೆ ನಿಮ್ಮದೇ ಒಂದು ಗುರುತು ಹಾಕಿ. ಸಿಕ್ಕ ಮಾಲು ನಿಮ್ಮದೇ ಅಂತ ತೋರಿಸಲು ಅದು ಬೇಕು.
4. 112, 1930, 15100 ಮತ್ತು ನಿಮ್ಮ ಬೀಟ್ ಪೊಲೀಸರ ನಂಬರ್ ಸೇವ್ ಮಾಡಿ.
5. ಕೊಟ್ಟ ಪ್ರತಿ ಅರ್ಜಿಯ ಒಂದು ಪ್ರತಿ ನಿಮ್ಮಲ್ಲಿರಲಿ, ಅದರ ಮೇಲೆ ಮೊಹರು ಇರಲಿ.

ಠಾಣೆಯಲ್ಲಿರುವವರೂ ನಮ್ಮ ನಿಮ್ಮಂಥ ಮನೆಗಳಿಂದ ಬಂದವರೇ. ಅದರಲ್ಲೂ ಎಷ್ಟೋ ಮಂದಿ ರೈತರ ಮಕ್ಕಳು. ಕೆಲಸದ ಒತ್ತಡ ಅವರಿಗೂ ಇದೆ. ಮರ್ಯಾದೆಯಿಂದ ಮಾತಾಡಿ, ಆದರೆ ಕಾಗದ ಬಿಡಬೇಡಿ. ದನಿ ಏರಿಸಿದವರಿಗಿಂತ ಸ್ವೀಕೃತಿ ಕೇಳಿದವರ ಕೆಲಸ ಬೇಗ ಆಗುತ್ತೆ.

ಟೊಮ್ಯಾಟೊ ಹುಡುಗನ ಕಥೆ ಮುಗಿಸಿಬಿಡ್ತೀನಿ. ಕೇಬಲ್ ಸಿಗಲಿಲ್ಲ, ಅದು ಆವತ್ತೇ ಸುಟ್ಟು ತಾಮ್ರವಾಗಿ ಗುಜರಿ ಸೇರಿತ್ತು. ಆದರೆ ಐದು ತಿಂಗಳ ಮೇಲೆ ಬೇರೆ ತಾಲೂಕಿನಲ್ಲಿ ಒಂದು ಗುಂಪು ಸಿಕ್ಕಿಬಿತ್ತು. ಅವರ ಹತ್ತಿರ ಹತ್ತಾರು ಸ್ಟಾರ್ಟರ್‌ಗಳಿದ್ದವು. ಯಾವುದು ಯಾರದು ಅಂತ ಪತ್ತೆ ಮಾಡಲು ಪೊಲೀಸರು ಹುಡುಕಿದ್ದು ಎಫ್‌ಐಆರ್‌ಗಳನ್ನು. ಅವನದಿತ್ತು. ಡಬ್ಬಿಯ ಒಳಗೆ ಬಣ್ಣದಲ್ಲಿ ಬರೆದಿದ್ದ ಅವನ ಸರ್ವೆ ನಂಬರ್ ಕೂಡ ಹಾಗೇ ಇತ್ತು. ಕೋರ್ಟಿನಲ್ಲಿ ಬಾಂಡ್ ಬರೆದುಕೊಟ್ಟು ಸ್ಟಾರ್ಟರ್ ಬಿಡಿಸಿಕೊಂಡು ಬಂದ.

ಅದೇ ಸಾಲಿನಲ್ಲಿ ಕಳೆದುಕೊಂಡ ಇನ್ನೂ ನಾಲ್ಕು ಜನ ಅವನ ಊರಲ್ಲೇ ಇದ್ದರು. ಅವರು ಯಾರೂ ದೂರು ಕೊಟ್ಟಿರಲಿಲ್ಲ. ಅವರ ಸಾಮಾನು ಆ ರಾಶಿಯಲ್ಲಿ ಇತ್ತೋ ಇಲ್ಲವೋ, ಕೇಳುವುದಕ್ಕೆ ಅವರ ಕೈಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ.